ಮೆದುಳಿಗೆ ಕವಿಯುವ ಪೊರೆ

ಕಣ್ಣಿಗೆ ಪೊರೆ ಬಂದಿದೆಯೆಂದರೆ ನಮ್ಮ ಭಾಗದ ಯಾವ ಮನೆಯವರೂ ಈಗ ಗಾಬರಿಗೊಳ್ಳುವುದಿಲ್ಲ. ಕೃಷ್ಣರಾಜಪೇಟೆ, ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣ ತಾಲ್ಲೂಕುಗಳ ಹಳ್ಳಿಗಳಿಂದ ಹಿರಿಯರನ್ನು ಕೈಹಿಡಿದು ನೇತ್ರಚಿಕಿತ್ಸಾ ಶಿಬಿರಗಳಿಗೆ ಕರೆತರುವ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಎಷ್ಟೋ ಮಂದಿ. ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಕಪ್ಪು ಕನ್ನಡಕ ಧರಿಸಿ ಬಂದ ಅಜ್ಜಿಯನ್ನು ನೋಡಲು ನೆರೆಹೊರೆಯವರು ಬರುತ್ತಾರೆ. ಇದರಲ್ಲಿ ನಾಚಿಕೆಯಿಲ್ಲ, ಮುಚ್ಚುಮರೆಯಿಲ್ಲ. ಆದರೆ ಅದೇ ಅಜ್ಜಿ ಉಂಡ ಊಟವನ್ನು ಅರೆಗಳಿಗೆಯಲ್ಲಿ ಮರೆತು, ‘ನನಗೆ ಯಾರೂ ಉಣ್ಣಲಿಕ್ಕಲಿಲ್ಲ’ ಎಂದು ಹೊಸ್ತಿಲಲ್ಲಿ ಕುಳಿತು ಹೇಳತೊಡಗಿದರೆ ನಾವು ವೈದ್ಯರನ್ನು ನೆನೆಯುವುದಿಲ್ಲ. ‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆಯನ್ನು ನೆನೆಯುತ್ತೇವೆ. ಕೆಲವರು ನಗುತ್ತಾರೆ, ಕೆಲವರು ಗದರುತ್ತಾರೆ, ಕೆಲವರು ಗ್ರಹಚಾರವೆಂದೋ ಮಾಟವೆಂದೋ ತಿಳಿದು ಅಲೆಯುತ್ತಾರೆ. ಬಹಳಷ್ಟು ಮನೆಗಳಲ್ಲಿ ಆ ಹಿರಿಯ ಜೀವವನ್ನು ಒಳಕೋಣೆಯಲ್ಲಿ ಕೂರಿಸಿ ಸುಮ್ಮನಾಗುತ್ತಾರೆ.

ಕಣ್ಣಿನ ಪೊರೆಗೂ, ಮುಪ್ಪಿನ ಮರೆವಿಗೆ ಬಹುಪಾಲು ಕಾರಣವಾದ ಮೆದುಳಿನ ರೋಗಕ್ಕೂ ಮೂಲದಲ್ಲಿ ಒಂದು ಹತ್ತಿರದ ನಂಟಿದೆ. ಎರಡರಲ್ಲಿಯೂ ದೇಹದ ಪ್ರೋಟೀನುಗಳು ತಮ್ಮ ಸಹಜ ಆಕಾರವನ್ನು ಕಳೆದುಕೊಂಡು ಒಂದಕ್ಕೊಂದು ಅಂಟಿ ಗಂಟುಕಟ್ಟುತ್ತವೆ. ಒಂದನ್ನು ರೋಗವೆಂದು ಒಪ್ಪಿ ಇನ್ನೊಂದನ್ನು ಹಣೆಬರಹವೆಂದು ಬಿಟ್ಟುಬಿಡುವುದು ಸರಿಯೇ? ಈ ತಿಂಗಳ ಆರೋಗ್ಯ ಚಿಂತನೆಯಲ್ಲಿ ಆ ವಿಷಯವನ್ನು ಸದ್ಭಕ್ತರ ಮುಂದಿಡಲು ಬಯಸುತ್ತೇವೆ.

ಮಣಿಸರವೇ ಮಡಿಸಿಕೊಳ್ಳುವ ಬಗೆ

ಪ್ರೋಟೀನು ಎಂದೊಡನೆ ನಮಗೆ ನೆನಪಾಗುವುದು ಬೇಳೆಕಾಳು, ಹಾಲು, ಮೊಸರು. ಶಾಲೆಯ ಪಠ್ಯದಲ್ಲಿ ನಾವು ಅದನ್ನು ಸಸಾರಜನಕವೆಂದು ಓದಿದ್ದೇವೆ. ಆದರೆ ಪ್ರೋಟೀನು ಬರಿಯ ಆಹಾರಾಂಶವಲ್ಲ. ನಮ್ಮ ದೇಹದೊಳಗೆ ನಡೆಯುವ ಬಹುಪಾಲು ಕಾಯಕಗಳನ್ನು ಮಾಡುವುದು ಅದೇ. ರಕ್ತದಲ್ಲಿ ಉಸಿರಿನ ಆಮ್ಲಜನಕವನ್ನು ಹೊತ್ತೊಯ್ಯುವ ಹಿಮೋಗ್ಲೋಬಿನ್, ಸಕ್ಕರೆಯನ್ನು ಹದದಲ್ಲಿಡುವ ಇನ್ಸುಲಿನ್, ಚರ್ಮಕ್ಕೂ ಮೂಳೆಗೂ ಬಿಗಿ ಕೊಡುವ ಕೊಲಾಜೆನ್ ಎಲ್ಲವೂ ಪ್ರೋಟೀನುಗಳೇ.

ಇವುಗಳ ರಚನೆಯನ್ನು ಹೀಗೆ ಕಲ್ಪಿಸಿಕೊಳ್ಳಬಹುದು. ಇಪ್ಪತ್ತು ಬಗೆಯ ಮಣಿಗಳಿವೆ. ಅವೇ ಅಮೈನೋ ಆಮ್ಲಗಳು. ಆ ಮಣಿಗಳನ್ನು ಬೇರೆ ಬೇರೆ ಕ್ರಮದಲ್ಲಿ ಪೋಣಿಸಿದರೆ ಬೇರೆ ಬೇರೆ ಸರಗಳಾಗುತ್ತವೆ. ಇನ್ಸುಲಿನ್‌ನಲ್ಲಿ ಇಂತಹ 51 ಮಣಿಗಳಿವೆ. ನೂರಾರು, ಸಾವಿರಾರು ಮಣಿಗಳ ಸರಗಳೂ ಇವೆ. ಆದರೆ ಪೋಣಿಸಿದ ಮಾತ್ರಕ್ಕೆ ಸರಕ್ಕೆ ಕೆಲಸ ಮಾಡುವ ಶಕ್ತಿ ಬಾರದು. ಅದು ಸುತ್ತಿ, ಬಾಗಿ, ಮಡಿಸಿಕೊಂಡು ತನ್ನದೇ ಆದ ಒಂದು ಆಕಾರಕ್ಕೆ ಬರಬೇಕು. ಬೀಗಕ್ಕೆ ಹೊಂದುವ ಕೀಲಿಗೆ ಹೇಗೆ ಹಲ್ಲುಗಳ ಆಕಾರವೇ ಪ್ರಾಣವೋ, ಪ್ರೋಟೀನಿಗೆ ಈ ಮಡಿಕೆಯೇ ಪ್ರಾಣ.

ಸರವು ಯಾರ ನೆರವೂ ಇಲ್ಲದೆ ಸರಿಯಾದ ಮಡಿಕೆಯನ್ನು ಹೇಗೆ ಕಂಡುಕೊಳ್ಳುತ್ತದೆ? ಅಮೆರಿಕದ ಕ್ರಿಶ್ಚಿಯನ್ ಆನ್‌ಫಿನ್‌ಸೆನ್ ಎಂಬ ವಿಜ್ಞಾನಿ ಇದನ್ನು ಪರೀಕ್ಷಿಸಿದರು. ನಮ್ಮ ರೈತರು ಬೆಳೆಗೆ ಹಾಕುವ ಯೂರಿಯಾ ಇದೆಯಲ್ಲ, ಆ ಯೂರಿಯಾದ ಗಾಢ ದ್ರಾವಣದಲ್ಲಿ ಒಂದು ಪ್ರೋಟೀನಿನ ಮಡಿಕೆಯನ್ನು ಅವರು ಬಿಡಿಸಿದರು. ಬಳಿಕ ಯೂರಿಯಾವನ್ನು ತೆಗೆದಾಗ ಆ ಸರವು ತಾನಾಗಿಯೇ ಮೊದಲಿನ ಆಕಾರಕ್ಕೆ ಮರಳಿ ತನ್ನ ಕೆಲಸವನ್ನು ಮತ್ತೆ ಆರಂಭಿಸಿತು. ಆಕಾರದ ಗುಟ್ಟು ಮಣಿಗಳ ಕ್ರಮದಲ್ಲಿಯೇ ಅಡಗಿದೆಯೆಂದು ಇದರಿಂದ ತಿಳಿಯಿತು. ಈ ಸಂಶೋಧನೆಗಾಗಿ ಅವರಿಗೆ 1972ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು.

ಈ ಜ್ಞಾನದ ಬೆಳವಣಿಗೆಯಲ್ಲಿ ನಮ್ಮ ನೆಲದ ಪಾಲೂ ದೊಡ್ಡದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ. ವಿ. ರಾಮನ್ ಅವರ ಶಿಷ್ಯರಾಗಿದ್ದ ಜಿ. ಎನ್. ರಾಮಚಂದ್ರನ್ ಅವರು 1950ರ ದಶಕದಲ್ಲಿ ಮದರಾಸಿನಲ್ಲಿದ್ದಾಗ, ಕೊಲಾಜೆನ್ ಪ್ರೋಟೀನು ಮೂರೆಳೆಯ ಜಡೆಯಂತೆ ಹೆಣೆದುಕೊಂಡಿದೆಯೆಂದು ತೋರಿಸಿದರು. 1963ರಲ್ಲಿ ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಅವರೊಡಗೂಡಿ, ಪ್ರೋಟೀನಿನ ಸರವು ಯಾವ ಯಾವ ಕೋನಗಳಲ್ಲಿ ಬಾಗಬಲ್ಲದು, ಯಾವ ಕೋನಗಳಲ್ಲಿ ಬಾಗಲಾರದು ಎಂಬುದನ್ನು ಒಂದೇ ನಕ್ಷೆಯಲ್ಲಿ ಬರೆದಿಟ್ಟರು. ಜಗತ್ತಿನ ಎಲ್ಲ ಜೀವರಸಾಯನಶಾಸ್ತ್ರ ಪಠ್ಯಗಳೂ ಇಂದಿಗೂ ಅದನ್ನು ‘ರಾಮಚಂದ್ರನ್ ನಕ್ಷೆ’ಯೆಂದೇ ಕರೆಯುತ್ತವೆ. 1971ರಲ್ಲಿ ಬೆಂಗಳೂರಿಗೆ ಮರಳಿದ ಅವರು ವಿಜ್ಞಾನ ಸಂಸ್ಥೆಯಲ್ಲಿ ಈ ಅಧ್ಯಯನಕ್ಕಾಗಿಯೇ ಒಂದು ವಿಭಾಗವನ್ನು ಕಟ್ಟಿದರು. 2024ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯೂ ಇದೇ ಕ್ಷೇತ್ರಕ್ಕೆ ಸಂದಿತು. ಮಣಿಗಳ ಕ್ರಮವನ್ನು ನೋಡಿ ಪ್ರೋಟೀನಿನ ಆಕಾರವನ್ನು ಹೇಳಬಲ್ಲ ಆಲ್ಫಾಫೋಲ್ಡ್ ಎಂಬ ಗಣಕ ವ್ಯವಸ್ಥೆಯನ್ನು ರೂಪಿಸಿದ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್, ಹೊಸ ಪ್ರೋಟೀನುಗಳನ್ನೇ ವಿನ್ಯಾಸ ಮಾಡಿದ ಡೇವಿಡ್ ಬೇಕರ್ ಅದನ್ನು ಹಂಚಿಕೊಂಡರು.

ಮಡಿಕೆ ತಪ್ಪಿದಾಗ

ಕಾಯಿಸಿದ ಹಾಲಿಗೆ ನಿಂಬೆಹುಳಿ ಹಿಂಡಿದರೆ ಹಾಲು ಒಡೆಯುತ್ತದೆ. ನೀರಿನಲ್ಲಿ ಸಮನಾಗಿ ಹರಡಿಕೊಂಡಿದ್ದ ಹಾಲಿನ ಪ್ರೋಟೀನು ಗಂಟುಗಂಟಾಗಿ ಬೇರ್ಪಡುತ್ತದೆ. ಒಡೆದ ಹಾಲನ್ನು ಮತ್ತೆ ಹಾಲಾಗಿಸಲು ಯಾವ ಗೃಹಿಣಿಗೂ ಸಾಧ್ಯವಿಲ್ಲ. ದೇಹದೊಳಗೆಯೂ ಇಂತಹ ಗಂಟುಗಳು ಮೂಡುವುದುಂಟು.

ಕಣ್ಣಿನ ಮಸೂರವು ತಿಳಿಯಾಗಿರಲು ಅದರಲ್ಲಿ ಕಿಕ್ಕಿರಿದಿರುವ ಕ್ರಿಸ್ಟಲಿನ್ ಎಂಬ ಪ್ರೋಟೀನುಗಳು ಕಾರಣ. ಮಸೂರದ ನಡುಭಾಗದ ಪ್ರೋಟೀನುಗಳು ನಾವು ಹುಟ್ಟುವ ಮೊದಲೇ ತಯಾರಾದವು. ಬದುಕಿರುವವರೆಗೂ ಅವು ಬದಲಾಗುವುದಿಲ್ಲ. ವರ್ಷಗಳು ಉರುಳಿದಂತೆ, ಬಿಸಿಲು, ತಂಬಾಕು, ಸಕ್ಕರೆ ಕಾಯಿಲೆಗಳ ಹೊಡೆತದಿಂದ ಅವು ಆಕಾರಗೆಟ್ಟು ಅಂಟಿಕೊಳ್ಳುತ್ತವೆ. ತಿಳಿಯಾಗಿದ್ದ ಮಸೂರ ಮಂಜಾಗುತ್ತದೆ. ಇದೇ ಪೊರೆ.

ಮೆದುಳಿನಲ್ಲಿಯೂ ಇದಕ್ಕೆ ಹತ್ತಿರದ ಸಂಗತಿಯೇ ನಡೆಯುತ್ತದೆ. ಇದನ್ನು ಮೊದಲು ಕಂಡವರು ಜರ್ಮನಿಯ ವೈದ್ಯ ಅಲೋಯಿಸ್ ಆಲ್ಝೈಮರ್. 1901ರಲ್ಲಿ ಆಗುಸ್ಟ್ ಡೀಟರ್ ಎಂಬ 51 ವರ್ಷದ ಮಹಿಳೆ ಮರೆವು ಮತ್ತು ಸಂಶಯಗಳಿಂದ ಬಳಲುತ್ತ ಅವರ ಆಸ್ಪತ್ರೆಗೆ ಬಂದರು. 1906ರಲ್ಲಿ ಆಕೆ ತೀರಿಕೊಂಡ ಬಳಿಕ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ನರಕೋಶಗಳ ಹೊರಗೆ ಕಲೆಗಳಂತಹ ಮುದ್ದೆಗಳೂ ಒಳಗೆ ಸಿಕ್ಕುಗಟ್ಟಿದ ನೂಲುಗಳೂ ಕಂಡವು. ಹೊರಗಿನ ಮುದ್ದೆ ಅಮಿಲಾಯ್ಡ್ ಬೀಟಾ ಎಂಬ ಪ್ರೋಟೀನಿನ ತುಣುಕುಗಳದ್ದು, ಒಳಗಿನ ಸಿಕ್ಕು ಟಾವ್ ಎಂಬ ಪ್ರೋಟೀನಿನದ್ದು ಎಂದು ಬಹುಕಾಲದ ಮೇಲೆ ತಿಳಿಯಿತು. ನಡುಕದ ರೋಗವಾದ ಪಾರ್ಕಿನ್ಸನ್ ಕಾಯಿಲೆಯಲ್ಲಿ ಆಲ್ಫಾ ಸೈನ್ಯೂಕ್ಲಿನ್ ಎಂಬ ಬೇರೊಂದು ಪ್ರೋಟೀನು ಗಂಟುಕಟ್ಟುತ್ತದೆ.

ಒಮ್ಮೆ ಆರಂಭವಾದ ಗಂಟು ಬೆಳೆಯುತ್ತ ಹೋಗುವುದೇಕೆಂದು ತಿಳಿಯಲು ನಮ್ಮ ಜಿಲ್ಲೆಯವರು ದೂರ ಹೋಗಬೇಕಾಗಿಲ್ಲ. ಮಂಡ್ಯದ ಮೈಷುಗರ್‌ನಲ್ಲಾಗಲಿ, ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆಯಲ್ಲಾಗಲಿ ಕಬ್ಬಿನ ಹಾಲನ್ನು ಕಾಯಿಸಿ ಗಟ್ಟಿಯಾದ ಪಾಕಕ್ಕೆ ತರುತ್ತಾರೆ. ಆ ಪಾಕವು ತಾನಾಗಿ ಹರಳುಗಟ್ಟಲು ತಡವಾಗುತ್ತದೆ. ಅದಕ್ಕೆ ನುಣ್ಣನೆಯ ಸಕ್ಕರೆಪುಡಿಯನ್ನು ಬೀಜವಾಗಿ ಸೇರಿಸಿದೊಡನೆ ಪಾಕದೊಳಗಿನ ಸಕ್ಕರೆಯೆಲ್ಲ ಆ ಕಣಗಳ ಮೇಲೆ ಸಾಲುಗಟ್ಟಿ ಹರಳಾಗಿ ಬೆಳೆಯುತ್ತದೆ. ಮಡಿಕೆ ತಪ್ಪಿದ ಪ್ರೋಟೀನಿನ ಸಣ್ಣ ತುಣುಕೂ ಹೀಗೆಯೇ ಬೀಜವಾಗುತ್ತದೆ. ಸರಿಯಿದ್ದ ಪ್ರೋಟೀನುಗಳನ್ನೂ ತನ್ನ ಆಕಾರಕ್ಕೆ ಎಳೆದು ಜೋಡಿಸಿಕೊಳ್ಳುತ್ತದೆ. ಪ್ರಿಯಾನ್ ಎಂಬ ಪ್ರೋಟೀನಿನಲ್ಲಿ ಈ ಗುಣವನ್ನು ಕಂಡುಹಿಡಿದ ಸ್ಟ್ಯಾನ್ಲಿ ಪ್ರುಸಿನರ್ ಅವರಿಗೆ 1997ರಲ್ಲಿ ನೊಬೆಲ್ ದೊರೆಯಿತು. ಇದನ್ನು ಓದಿ ಯಾರೂ ಹೆದರಬೇಕಾಗಿಲ್ಲ. ಮರೆವಿನ ರೋಗವಿರುವ ಹಿರಿಯರನ್ನು ಮುಟ್ಟುವುದರಿಂದ, ಅವರೊಡನೆ ಉಣ್ಣುವುದರಿಂದ, ಅವರ ಬಟ್ಟೆ ಒಗೆಯುವುದರಿಂದ ಅದು ಇನ್ನೊಬ್ಬರಿಗೆ ಅಂಟುವುದಿಲ್ಲ.

ದೇಹವು ಸುಮ್ಮನೆ ಕುಳಿತಿರುವುದಿಲ್ಲ. ಸರಗಳು ಸರಿಯಾಗಿ ಮಡಿಸಿಕೊಳ್ಳುವಂತೆ ಕಾಯುವ ಸಹಾಯಕ ಪ್ರೋಟೀನುಗಳು ಪ್ರತಿ ಜೀವಕೋಶದಲ್ಲಿಯೂ ಇವೆ; ಕೆಟ್ಟದ್ದನ್ನು ಒಡೆದು ಹೊರಹಾಕುವ ವ್ಯವಸ್ಥೆಯೂ ಇದೆ. ವಯಸ್ಸಾದಂತೆ ಈ ಕಾವಲು ಸಡಿಲವಾಗುತ್ತದೆ. ಮರೆವು ಕಾಣಿಸಿಕೊಳ್ಳುವುದಕ್ಕೆ ಹದಿನೈದು ಇಪ್ಪತ್ತು ವರ್ಷ ಮೊದಲೇ ಮೆದುಳಿನಲ್ಲಿ ಅಮಿಲಾಯ್ಡ್ ಶೇಖರವಾಗತೊಡಗಿರುತ್ತದೆ. ಎಪ್ಪತ್ತರಲ್ಲಿ ಕಾಣುವ ರೋಗದ ಬೇರು ಐವತ್ತರಲ್ಲಿದೆ ಎಂಬುದನ್ನು ನಡುವಯಸ್ಸಿನ ಭಕ್ತರು ಗಮನಿಸಬೇಕು.

ಮರೆವೆಲ್ಲವೂ ಒಂದೇ ಅಲ್ಲ

2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನವೊಂದರ ಪ್ರಕಾರ ಭಾರತದಲ್ಲಿ 60 ವರ್ಷ ದಾಟಿದವರಲ್ಲಿ ಶೇಕಡಾ 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಡಿಮೆನ್ಶಿಯಾ ಎಂಬ ಮರೆವಿನ ರೋಗವಿದೆ. ಪಟ್ಟಣಗಳಿಗಿಂತ ಹಳ್ಳಿಗಳಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಇದರ ಪ್ರಮಾಣ ಹೆಚ್ಚು. ಅದೇ ಅಂಕಿಯನ್ನು ಮತ್ತೊಂದು ಬದಿಯಿಂದಲೂ ಓದಬೇಕು. ಅರವತ್ತು ದಾಟಿದ ನೂರು ಜನರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಈ ರೋಗವಿಲ್ಲ. ಆದ್ದರಿಂದ ಅರವತ್ತಕ್ಕೆ ಅರಳು ಮರಳು ಎಂಬುದು ಮುಪ್ಪಿನ ನಿಯಮವಲ್ಲ. ಸಿದ್ಧಗಂಗೆಯ ಡಾ. ಶಿವಕುಮಾರ ಮಹಾಸ್ವಾಮಿಗಳು ನೂರು ದಾಟಿದ ಮೇಲೆಯೂ ಪೂಜೆ, ದಾಸೋಹ, ವಿದ್ಯಾರ್ಥಿಗಳ ಯೋಗಕ್ಷೇಮಗಳಲ್ಲಿ ತೊಡಗಿದ್ದುದನ್ನು ನಾಡೇ ಕಂಡಿದೆ.

ಕನ್ನಡಕ ಎಲ್ಲಿಟ್ಟೆನೆಂದು ಹುಡುಕುವುದು, ಪರಿಚಿತರ ಹೆಸರು ತಕ್ಷಣ ಹೊಳೆಯದಿರುವುದು ಸಾಮಾನ್ಯ ಮರೆವು. ಆದರೆ ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು, ನಲವತ್ತು ವರ್ಷ ನಡೆದಾಡಿದ ಗದ್ದೆಯ ದಾರಿಯನ್ನೇ ತಪ್ಪುವುದು, ಸಂತೆಯ ಲೆಕ್ಕದಲ್ಲಿ ಎಡವುವುದು, ನಿತ್ಯ ಮಾಡುತ್ತಿದ್ದ ಇಷ್ಟಲಿಂಗ ಪೂಜೆಯ ಕ್ರಮ ಕಲಸಿಹೋಗುವುದು, ತಾವೇ ಇಟ್ಟ ಒಡವೆಯನ್ನು ಯಾರೋ ಕದ್ದರೆಂದು ಮನೆಯವರನ್ನು ದೂರುವುದು, ಶಾಂತ ಸ್ವಭಾವದವರು ಸಿಡುಕರಾಗುವುದು ಇವೆಲ್ಲ ಎಚ್ಚರಿಕೆಯ ಲಕ್ಷಣಗಳು. ಇವುಗಳಲ್ಲಿ ಎರಡು ಮೂರು ಕಂಡರೂ ವೈದ್ಯರಲ್ಲಿಗೆ ಕರೆದೊಯ್ಯಬೇಕು.

‘ಗುಣವಾಗದ ರೋಗಕ್ಕೆ ಆಸ್ಪತ್ರೆಯೇಕೆ?’ ಎಂದು ಕೇಳುವವರುಂಟು. ಈ ಪ್ರಶ್ನೆಯಿಂದಲೇ ಎಷ್ಟೋ ಹಿರಿಯರಿಗೆ ಅನ್ಯಾಯವಾಗುತ್ತಿದೆ. ಏಕೆಂದರೆ ಮೇಲ್ನೋಟಕ್ಕೆ ಹೀಗೆಯೇ ಕಾಣುವ ಕೆಲವು ಮರೆವುಗಳಿಗೆ ಚಿಕಿತ್ಸೆಯಿದೆ. ಥೈರಾಯ್ಡ್ ಗ್ರಂಥಿಯ ಕೊರತೆ, ಖಿನ್ನತೆ, ಬಿದ್ದು ತಲೆಗೆ ಪೆಟ್ಟಾದ ಕೆಲವು ವಾರಗಳ ಮೇಲೆ ಮೆದುಳಿನ ಹೊದಿಕೆಯಡಿ ನಿಲ್ಲುವ ರಕ್ತ, ಕೆಲವು ಮಾತ್ರೆಗಳ ದುಷ್ಪರಿಣಾಮ ಇಂತಹ ಕಾರಣಗಳು. ಸಸ್ಯಾಹಾರಿಗಳಾದ ನಾವು ವಿಶೇಷವಾಗಿ ನೆನಪಿಡಬೇಕಾದುದು ವಿಟಮಿನ್ ಬಿ-12ರ ಕೊರತೆಯನ್ನು. ಸೊಪ್ಪು, ಕಾಳು, ರಾಗಿಯಲ್ಲಿ ಅದಿಲ್ಲ. ಹಾಲು ಮೊಸರಿನಿಂದ ಮಾತ್ರ ಸ್ವಲ್ಪ ದೊರೆಯುತ್ತದೆ. ಹಲ್ಲುಬಿದ್ದು, ಹಸಿವು ಕುಗ್ಗಿ, ಬರಿಯ ಗಂಜಿಯಲ್ಲಿ ದಿನ ಕಳೆಯುವ ಹಿರಿಯರಲ್ಲಿ ಈ ಕೊರತೆ ಸಹಜ. ಒಂದು ರಕ್ತಪರೀಕ್ಷೆಯಿಂದ ಅದು ತಿಳಿಯುತ್ತದೆ, ಚುಚ್ಚುಮದ್ದು ಅಥವಾ ಮಾತ್ರೆಯಿಂದ ತುಂಬುತ್ತದೆ. ತಡಮಾಡಿದರೆ ನರಗಳಿಗಾದ ಹಾನಿ ಉಳಿದುಬಿಡುತ್ತದೆ. ಗಾದೆಯೊಂದನ್ನು ನಂಬಿ ಈ ಪರೀಕ್ಷೆಯನ್ನು ತಪ್ಪಿಸಬಾರದು.

ಮೊದಲು ತಾಲ್ಲೂಕು ಆಸ್ಪತ್ರೆಯ ವೈದ್ಯರನ್ನು ಕಾಣಬಹುದು. ಅವರ ಸಲಹೆಯಂತೆ ಮಂಡ್ಯದ ಮಿಮ್ಸ್, ಬಿ. ಜಿ. ನಗರದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜು ಆಸ್ಪತ್ರೆ, ಮೈಸೂರಿನ ಕೆ. ಆರ್. ಆಸ್ಪತ್ರೆ ಅಥವಾ ಜೆ.ಎಸ್.ಎಸ್. ಆಸ್ಪತ್ರೆಗೆ ಹೋಗಬಹುದು. ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ ಸಂಸ್ಥೆಗಳು ಸೇರಿ 2022ರಲ್ಲಿ ಮೆದುಳಿನ ಆರೋಗ್ಯಕ್ಕಾಗಿ ಒಂದು ಕಾರ್ಯಕ್ರಮವನ್ನು ಆರಂಭಿಸಿ, ಅದರ ಚಿಕಿತ್ಸಾಲಯಗಳನ್ನು ಜಿಲ್ಲಾ ಆಸ್ಪತ್ರೆಗಳಿಗೂ ವಿಸ್ತರಿಸಿವೆ. ಮನೆಯಿಂದಲೇ ಸಲಹೆ ಬೇಕಾದವರು ಹಿರಿಯರ ಸಹಾಯವಾಣಿ 14567ಕ್ಕೂ, ಮಾನಸಿಕ ಆರೋಗ್ಯದ ಟೆಲಿ-ಮಾನಸ್ 14416ಕ್ಕೂ ಕರೆ ಮಾಡಬಹುದು.

ಔಷಧಿಯ ಭರವಸೆ ಎಷ್ಟು?

ಕಣ್ಣಿನ ಪೊರೆಯನ್ನು ತೆಗೆದು ಹೊಸ ಮಸೂರ ಕೂರಿಸಬಹುದು. ಮೆದುಳಿಗೆ ಅಂತಹ ಶಸ್ತ್ರಚಿಕಿತ್ಸೆಯಿಲ್ಲ. ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ಈಗಿರುವ ಮಾತ್ರೆಗಳು ಕೆಲವರಲ್ಲಿ ಕೆಲಕಾಲ ನೆನಪಿಗೆ ಆಸರೆಯಾಗುತ್ತವೆ. ಅಮಿಲಾಯ್ಡ್ ಮುದ್ದೆಗಳನ್ನು ಕರಗಿಸುವ ಲೆಕಾನೆಮ್ಯಾಬ್ ಎಂಬ ಔಷಧಿಗೆ ಅಮೆರಿಕದಲ್ಲಿ 2023ರಲ್ಲಿ ಪೂರ್ಣ ಅನುಮತಿ ದೊರೆಯಿತು. ರೋಗದ ಆರಂಭದ ಹಂತದಲ್ಲಿ ಮಾತ್ರ, ಅದೂ ಅಲ್ಪ ಪ್ರಮಾಣದಲ್ಲಿ, ಅದು ರೋಗದ ವೇಗವನ್ನು ತಗ್ಗಿಸುತ್ತದೆ. ಮೆದುಳಿನಲ್ಲಿ ಬಾವು ಮತ್ತು ರಕ್ತಸ್ರಾವದ ಅಪಾಯವೂ ಅದಕ್ಕಿದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಪ್ರೊ. ಟಿ. ಗೋವಿಂದರಾಜು ಅವರ ತಂಡ ರೂಪಿಸಿದ ಅಣುವೊಂದು ಇಲಿಗಳ ಮೆದುಳಿನಲ್ಲಿ ಅಮಿಲಾಯ್ಡ್ ಮುದ್ದೆಗಳನ್ನು ತಗ್ಗಿಸಿದೆ. ಇಲಿಯಿಂದ ಮನುಷ್ಯನವರೆಗಿನ ದಾರಿ ಬಹಳ ಉದ್ದ. ಇನ್ನೊಂದೆಡೆ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮೆದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ವರ್ಷ ದಾಟಿದ ಹತ್ತು ಸಾವಿರ ಜನರನ್ನು ವರ್ಷಗಟ್ಟಲೆ ಗಮನಿಸುವ ಗುರಿಯಿಂದ ಅಧ್ಯಯನ ನಡೆಸುತ್ತಿದೆ. ನಮ್ಮಂತೆಯೇ ರಾಗಿಮುದ್ದೆಯುಂಡು ಹೊಲದಲ್ಲಿ ದುಡಿಯುವವರ ಮೆದುಳು ಹೇಗೆ ಮುಪ್ಪಾಗುತ್ತದೆಂಬುದು ಇದರಿಂದ ತಿಳಿಯಲಿದೆ.

ಈ ನಡುವೆ ‘ನೆನಪಿನ ಪುಡಿ’ಗಳ ಮಾರಾಟಗಾರರ ಬಗ್ಗೆ ಎಚ್ಚರವಿರಲಿ. ಒಂದೆಲಗದ ಚಟ್ನಿ ಒಳ್ಳೆಯ ಆಹಾರ. ಆದರೆ ಅದು ಮೆದುಳಿನ ಗಂಟನ್ನು ಕರಗಿಸುತ್ತದೆಂಬುದಕ್ಕೆ ಪುರಾವೆಯಿಲ್ಲ. ನಡುಕದ ರೋಗಕ್ಕೆ ಆಯುರ್ವೇದದಲ್ಲಿ ಬಳಸುವ ನಸುಗುನ್ನಿ ಬೀಜದಲ್ಲಿ ಲೆವೊಡೋಪಾ ಎಂಬ ಔಷಧಾಂಶ ಇರುವುದು ನಿಜ. ಅದೇ ಅಂಶವಿರುವ ಮಾತ್ರೆಯನ್ನು ಈಗಾಗಲೇ ಸೇವಿಸುತ್ತಿರುವವರು ವೈದ್ಯರನ್ನು ಕೇಳದೆ ಬೀಜದ ಪುಡಿಯನ್ನೂ ಸೇವಿಸಿದರೆ ಪ್ರಮಾಣ ಮೀರಿ ತೊಂದರೆಯಾಗುತ್ತದೆ.

ತಡೆಯಲು ನಮ್ಮ ಕೈಲಿರುವುದು

2024ರಲ್ಲಿ ಲ್ಯಾನ್ಸೆಟ್ ವೈದ್ಯಪತ್ರಿಕೆಯ ತಜ್ಞಮಂಡಳಿಯು ಜಗತ್ತಿನ ಅಧ್ಯಯನಗಳನ್ನೆಲ್ಲ ಪರಿಶೀಲಿಸಿ, ಬದಲಾಯಿಸಬಹುದಾದ 14 ಕಾರಣಗಳನ್ನು ಪಟ್ಟಿಮಾಡಿತು. ಅವೆಲ್ಲವನ್ನೂ ಸರಿಪಡಿಸಿಕೊಂಡರೆ ಡಿಮೆನ್ಶಿಯಾ ಪ್ರಕರಣಗಳಲ್ಲಿ ಸುಮಾರು ಶೇಕಡಾ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದೆಂದು ಅದು ಅಂದಾಜಿಸಿತು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೆಟ್ಟ ಕೊಲೆಸ್ಟ್ರಾಲ್, ಬೊಜ್ಜು, ಧೂಮಪಾನ, ಮದ್ಯಪಾನ, ದೇಹಶ್ರಮವಿಲ್ಲದ ಬದುಕು, ತಲೆಗೆ ಪೆಟ್ಟು, ಖಿನ್ನತೆ, ಒಂಟಿತನ, ಹೊಗೆಧೂಳಿನ ಗಾಳಿ, ಬಾಲ್ಯದಲ್ಲಿ ವಿದ್ಯೆಯ ಕೊರತೆ, ಕಿವಿಯ ಮಂದತೆ, ಚಿಕಿತ್ಸೆ ಕಾಣದ ದೃಷ್ಟಿದೋಷ ಇವೇ ಆ ಹದಿನಾಲ್ಕು.

ಕೊನೆಯ ಎರಡನ್ನು ಗಮನಿಸಿರಿ. ಕಣ್ಣು ಕಾಣದ, ಕಿವಿ ಕೇಳದ ಹಿರಿಯರಿಗೆ ಹೊರಜಗತ್ತಿನ ಸಂಪರ್ಕ ಕಡಿಯುತ್ತದೆ, ಮೆದುಳಿಗೆ ಕೆಲಸ ಕಡಿಮೆಯಾಗುತ್ತದೆ. ಆದ್ದರಿಂದ ಕಣ್ಣಿನ ಪೊರೆ ತೆಗೆಸುವುದು, ಕಿವಿಗೆ ಶ್ರವಣಯಂತ್ರ ಹಾಕಿಸುವುದು ಮೆದುಳಿನ ರಕ್ಷಣೆಯೂ ಹೌದು. ದ್ವಿಚಕ್ರ ವಾಹನದಲ್ಲಿ ಹೋಗುವವರು ಹೆಲ್ಮೆಟ್ ಧರಿಸುವುದೂ, ಹೆಣ್ಣುಮಕ್ಕಳನ್ನು ಶಾಲೆ ಬಿಡಿಸದಿರುವುದೂ ಇದೇ ಪಟ್ಟಿಗೆ ಸೇರುತ್ತವೆ. ಹಳ್ಳಿಯ ಹೆಂಗಸರಲ್ಲಿ ಈ ರೋಗ ಹೆಚ್ಚಿರುವುದಕ್ಕೆ ಅವರಿಗೆ ಅಕ್ಷರ ದಕ್ಕದೆ ಹೋದುದೂ ಒಂದು ಕಾರಣವಾಗಿರಬಹುದು.

ಮನೆಯೊಳಗಿನ ದಾಸೋಹ

ರೋಗ ಖಚಿತವಾದ ಮೇಲೆ ಔಷಧಿಗಿಂತ ದೊಡ್ಡ ಆಸರೆ ಮನೆಯವರ ನಡವಳಿಕೆ. ಮರೆತವರೊಡನೆ ವಾದಕ್ಕಿಳಿದು ಫಲವಿಲ್ಲ. ‘ಈಗ ತಾನೆ ಉಂಡಿರಲ್ಲ’ ಎಂದು ಗದರುವ ಬದಲು ಒಂದು ಬಾಳೆಹಣ್ಣನ್ನೋ ಅರ್ಧ ಲೋಟ ಮಜ್ಜಿಗೆಯನ್ನೋ ಕೊಟ್ಟು ಮಾತು ಬದಲಿಸುವುದು ಲೇಸು. ಹೊಸ ನೆನಪುಗಳು ಮೊದಲು ಅಳಿಯುತ್ತವೆ, ಹಳೆಯವು ಕೊನೆಯವರೆಗೂ ಉಳಿಯುತ್ತವೆ. ಹೀಗಾಗಿಯೇ ಮಕ್ಕಳ ಹೆಸರು ಮರೆತವರೂ ಎಳವೆಯಲ್ಲಿ ಕಲಿತ ವಚನಕ್ಕೆ ದನಿಗೂಡಿಸುವುದುಂಟು. ಬೆಳಗಿನ ಸ್ನಾನ, ವಿಭೂತಿ ಧಾರಣೆ, ಲಿಂಗಪೂಜೆ, ಊಟ, ನಡಿಗೆ ಇವು ದಿನವೂ ಅದೇ ಹೊತ್ತಿಗೆ, ಅದೇ ಕ್ರಮದಲ್ಲಿ ನಡೆದರೆ ಅವರ ಕಳವಳ ತಗ್ಗುತ್ತದೆ. ಪೂಜೆಯ ಕ್ರಮ ತಪ್ಪಿದರೆ ತಿದ್ದಲು ಹೋಗದೆ ಪಕ್ಕದಲ್ಲಿ ಕುಳಿತು ಕೈಗೂಡಿಸಿರಿ. ಹೊರಗೆ ಹೋದಾಗ ದಾರಿ ತಪ್ಪದಂತೆ ಜೇಬಿನಲ್ಲಿ ಮನೆಯ ದೂರವಾಣಿ ಸಂಖ್ಯೆಯ ಚೀಟಿಯಿರಲಿ. ತಿಳಿವಿಲ್ಲದ ಸ್ಥಿತಿಯಲ್ಲಿ ಅವರಿಂದ ಜಮೀನಿನ ಕಾಗದಗಳಿಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಮಹಾಪಾಪ, ಕಾನೂನಿನ ಕಣ್ಣಿನಲ್ಲಿಯೂ ಅಪರಾಧವಾಗಬಹುದು.

ಇನ್ನೊಂದು ಮಾತನ್ನು ಗಂಡುಮಕ್ಕಳಿಗೆ ಹೇಳಬೇಕಾಗಿದೆ. ಇಂತಹ ಹಿರಿಯರ ಆರೈಕೆಯ ಭಾರವೆಲ್ಲ ಮನೆಯ ಒಬ್ಬ ಸೊಸೆಯ ಅಥವಾ ಮಗಳ ಹೆಗಲ ಮೇಲೆ ಬೀಳುತ್ತಿದೆ. ರಾತ್ರಿ ನಿದ್ದೆಯಿಲ್ಲದೆ, ಹಗಲು ದೂರು ಕೇಳುತ್ತ ಆಕೆಯೂ ಬಳಲಿ ರೋಗಿಯಾಗುತ್ತಾಳೆ. ಅಣ್ಣತಮ್ಮಂದಿರು ಪಾಳಿ ಹಂಚಿಕೊಳ್ಳಬೇಕು. ವಾರದಲ್ಲಿ ಒಂದು ದಿನವಾದರೂ ಆಕೆಗೆ ಬಿಡುವು ಸಿಗುವಂತೆ ನೆರೆಯವರು ನಿಂತುಕೊಳ್ಳಬೇಕು. ದಾಸೋಹವೆಂದರೆ ಜಾತ್ರೆಯಲ್ಲಿ ಅನ್ನವಿಕ್ಕುವುದಷ್ಟೇ ಅಲ್ಲ. ತನ್ನನ್ನೇ ಮರೆತ ಜೀವಕ್ಕೆ ಬೇಸರಿಸದೆ ಮತ್ತೆ ಮತ್ತೆ ಉತ್ತರ ಕೊಡುವುದೂ ದಾಸೋಹವೇ.

ನಿಮ್ಮ ಮನೆಯಲ್ಲಿ ಅಥವಾ ನೆರೆಮನೆಯಲ್ಲಿ ಒಳಕೋಣೆ ಸೇರಿದ ಹಿರಿಯರಿದ್ದರೆ, ಪೊರೆ ಬಂದ ಕಣ್ಣಿಗೆ ತೋರುವ ಕಾಳಜಿಯನ್ನೇ ಅವರ ಮರೆವಿಗೂ ತೋರಿರಿ. ಈ ತಿಂಗಳೊಳಗೆ ಅವರನ್ನು ಒಮ್ಮೆ ವೈದ್ಯರ ಬಳಿಗೆ ಕರೆದೊಯ್ಯಿರಿ, ಬಿ-12 ಮತ್ತು ಥೈರಾಯ್ಡ್ ಪರೀಕ್ಷೆಗಳನ್ನು ಮಾಡಿಸಿರಿ. ಇಷ್ಟನ್ನು ಸಕಲ ಸದ್ಭಕ್ತರಲ್ಲಿ ಕೇಳಿಕೊಳ್ಳುತ್ತೇವೆ.